ಕ್ರೆಡಿಟ್ ಕಾರ್ಡ್ ಬಾಕಿ ತೀರಿಸುವ ಲೆಕ್ಕಾಚಾರ

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್, ಅಂದರೆ ತಿಂಗಳ ಬಿಲ್ಲು, ಬಂದಾಗ ಹೆಚ್ಚಿನವರು ನೋಡುವುದು ಮೂರೇ ವಿಷಯ: ಒಟ್ಟು ಬಾಕಿ ಎಷ್ಟು, ಕನಿಷ್ಠ ಎಷ್ಟು ಕಟ್ಟಬೇಕು, ಕಟ್ಟಲು ಕೊನೆಯ ದಿನ ಯಾವುದು. ಬಾಕಿಯನ್ನು ಪೂರ್ತಿ ಕಟ್ಟುವ ಅನುಕೂಲ ಆ ತಿಂಗಳು ಇಲ್ಲದಿದ್ದರೆ ಕಣ್ಣು ತಾನಾಗಿಯೇ ಎರಡನೆಯ ಅಂಕಿಗೆ ಇಳಿಯುತ್ತದೆ. ಅದನ್ನು ಕಟ್ಟಿದ ಮೇಲೆ ಈ ತಿಂಗಳ ಕೆಲಸ ಮುಗಿಯಿತೆಂಬ ಸಮಾಧಾನವೂ ಆಗುತ್ತದೆ. ನಾನು ಇಲ್ಲಿ ಹೇಳಹೊರಟಿರುವ ಮುಖ್ಯ ಮಾತು ಆ ಎರಡನೆಯ ಅಂಕಿಗೆ ಸಂಬಂಧಿಸಿದ್ದು. ತಿಂಗಳಿಗೆ ಎಷ್ಟು ಕಟ್ಟಬೇಕೆಂಬ ತೀರ್ಮಾನವನ್ನು ಬಿಲ್ಲಿಗೆ ಬಿಟ್ಟುಕೊಟ್ಟರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ. ನೀವೇ ಒಂದು ಮೊತ್ತವನ್ನು ಗೊತ್ತುಮಾಡಿ, ಬಿಲ್ಲು ಕೇಳುವ ಮೊತ್ತ ತಿಂಗಳು ತಿಂಗಳಿಗೆ ಇಳಿದರೂ ನಿಮ್ಮ ಮೊತ್ತವನ್ನು ಇಳಿಸದೆ ಕಟ್ಟುತ್ತ ಹೋದರೆ, ಅದೇ ಸಾಲ, ಅದೇ ಬಡ್ಡಿದರದಲ್ಲಿ, ಎಣಿಸಬಹುದಾದಷ್ಟು ತಿಂಗಳುಗಳಲ್ಲಿ ಮುಗಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿವಾದ ಸಾಲ ಮಾಡುವ ಮುನ್ನ ಕೇಳಿಸಿಕೊಳ್ಳಬೇಕಾದದ್ದು. ಕಾಲು ಆಗಲೇ ಹಾಸಿಗೆಯಿಂದ ಆಚೆ ಇರುವವರಿಗೆ ಬೇಕಾಗಿರುವುದು ಲೆಕ್ಕ. ಆದ್ದರಿಂದ ಲೆಕ್ಕದಿಂದಲೇ ಆರಂಭಿಸೋಣ. ಕೆಳಗಿನ ಉದಾಹರಣೆಗಳಲ್ಲಿ ನಾಣ್ಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾಣ್ಯ ಯಾವುದಾದರೂ ಗಣಿತ ಒಂದೇ.

ಬಡ್ಡಿ ಯಾವ ದಿನದಿಂದ ಶುರುವಾಗುತ್ತದೆ

ಕಾರ್ಡಿನಲ್ಲಿ ಮಾಡಿದ ಖರ್ಚುಗಳನ್ನು ಸುಮಾರು 30 ದಿನಗಳ ಒಂದು ಬಿಲ್ಲಿಂಗ್ ಅವಧಿಯಲ್ಲಿ ಒಟ್ಟುಹಾಕಿ, ಅವಧಿಯ ಕೊನೆಯ ದಿನ ಸ್ಟೇಟ್‌ಮೆಂಟ್ ತಯಾರಿಸುತ್ತಾರೆ. ಅಲ್ಲಿಂದ ಸಾಮಾನ್ಯವಾಗಿ ಮೂರು ವಾರಗಳ ಆಸುಪಾಸಿನಲ್ಲಿ ಪಾವತಿಯ ಕೊನೆಯ ದಿನ ಬರುತ್ತದೆ. ಅವಧಿಯ ಮೊದಲ ದಿನ ಮಾಡಿದ ಖರ್ಚಿಗೆ ಹೀಗೆ ಸುಮಾರು 50 ದಿನಗಳ ಬಿಡುವು ಸಿಕ್ಕರೆ, ಕೊನೆಯ ದಿನ ಮಾಡಿದ ಖರ್ಚಿಗೆ 20 ದಿನಗಳಷ್ಟೇ ಸಿಗುತ್ತದೆ. ಈ ಬಿಡುವಿಗೆ ಬಡ್ಡಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ ಸವಲತ್ತಿಗೆ ಒಂದು ಷರತ್ತಿದೆ: ಬಿಲ್ಲಿನ ಪೂರ್ತಿ ಮೊತ್ತ ಕೊನೆಯ ದಿನದೊಳಗೆ ಸಂದಾಯವಾಗಿರಬೇಕು. ಪೂರ್ತಿ ಎಂದರೆ ಪೂರ್ತಿಯೇ. ಬಹುಪಾಲು ಕಟ್ಟಿದ್ದೇನೆ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ನಾನೇ ಒಮ್ಮೆ ಹೀಗೆ ಮಾಡಿಕೊಂಡಿದ್ದೆ. ಬಿಲ್ಲಿನಲ್ಲಿ ಸಾವಿರದ ಮೇಲೆ ಚಿಲ್ಲರೆ ಮೊತ್ತವಿತ್ತು; ಚಿಲ್ಲರೆಯನ್ನು ಮುಂದಿನ ತಿಂಗಳು ಸೇರಿಸಿ ಕಟ್ಟಿದರಾಯಿತು ಎಂದುಕೊಂಡು ಪೂರ್ಣ ಸಾವಿರಗಳನ್ನಷ್ಟೇ ಕಟ್ಟಿದೆ. ಮುಂದಿನ ಬಿಲ್ಲಿನಲ್ಲಿ ಬಿದ್ದ ಬಡ್ಡಿ ನಾನು ಉಳಿಸಿದ್ದ ಚಿಲ್ಲರೆಗಿಂತ ಹೆಚ್ಚಾಗಿತ್ತು. ತಪ್ಪು ಲೆಕ್ಕವೆಂದು ದೂರು ಕೊಡಲು ಹೊರಟವನು ನಿಯಮಗಳ ಹಾಳೆಯನ್ನು ಓದಿ ಸುಮ್ಮನಾದೆ. ಅನೇಕ ಕಾರ್ಡುಗಳಲ್ಲಿ, ಬಾಕಿಯ ಒಂದು ಭಾಗ ಉಳಿದರೂ ಬಿಡುವು ಪೂರ್ತಿ ರದ್ದಾಗಿ, ಪ್ರತಿಯೊಂದು ಖರ್ಚಿನ ಮೇಲೂ ಅದು ನಡೆದ ದಿನದಿಂದಲೇ ಬಡ್ಡಿ ಎಣಿಸುತ್ತಾರೆ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಬಡ್ಡಿದರ ತಿಂಗಳಿಗೆ ಶೇಕಡಾ 3, ಅಂದರೆ ವರ್ಷಕ್ಕೆ ಶೇಕಡಾ 36 ಎಂದಿಟ್ಟುಕೊಳ್ಳಿ. ತಿಂಗಳ 5ರಂದು 50,000 ಖರ್ಚು ಮಾಡಿದಿರಿ. 30ರಂದು ಸ್ಟೇಟ್‌ಮೆಂಟ್ ಬಂತು. ಮುಂದಿನ ತಿಂಗಳ 20 ಕೊನೆಯ ದಿನ. ಆ ದಿನ ನೀವು 49,000 ಕಟ್ಟಿ 1,000 ಉಳಿಸಿದಿರಿ. ಮೇಲಿನ ನಿಯಮದ ಪ್ರಕಾರ 50,000ಕ್ಕೆ 5ರಿಂದ ಮುಂದಿನ 20ರವರೆಗಿನ 45 ದಿನಗಳ ಬಡ್ಡಿ ಸುಮಾರು 2,219 ಆಗುತ್ತದೆ. ಉಳಿದ 1,000ಕ್ಕೆ ಮುಂದಿನ ಸ್ಟೇಟ್‌ಮೆಂಟಿನವರೆಗಿನ 10 ದಿನಗಳ ಬಡ್ಡಿ 10ನ್ನೂ ಮುಟ್ಟುವುದಿಲ್ಲ. ಒಟ್ಟಿನಲ್ಲಿ 1,000 ಉಳಿಸಿಕೊಂಡದ್ದಕ್ಕೆ ತೆತ್ತದ್ದು 2,229ರಷ್ಟು. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಅಮೆರಿಕದಲ್ಲಿ 2009ರ ಕಾರ್ಡ್ ಕಾಯಿದೆ ಬಂದ ಮೇಲೆ, ಬಿಡುವಿನ ಅವಧಿಯೊಳಗೆ ಕಟ್ಟಿದ ಭಾಗದ ಮೇಲೆ ಬಡ್ಡಿ ಹಾಕುವಂತಿಲ್ಲ. ನಿಮ್ಮ ಕಾರ್ಡಿನ ನಿಯಮ ಯಾವ ಬಗೆಯದು ಎಂಬುದನ್ನು ಶುಲ್ಕಗಳ ಪಟ್ಟಿಯಲ್ಲಿ ಒಮ್ಮೆ ಓದಿಕೊಳ್ಳಬೇಕು. ಆ ಅರ್ಧ ಗಂಟೆಯ ಓದು ವ್ಯರ್ಥವಾಗುವುದಿಲ್ಲ.

ಇದಕ್ಕಿಂತಲೂ ಹೆಚ್ಚು ಜನರನ್ನು ಕಾಡುವ ಇನ್ನೊಂದು ಸಂಗತಿಯಿದೆ. ಹಳೆಯ ಬಾಕಿ ಇರುವವರೆಗೆ ಅದೇ ಕಾರ್ಡಿನಲ್ಲಿ ಮಾಡುವ ಹೊಸ ಖರ್ಚುಗಳಿಗೂ ಬಿಡುವು ಸಿಗುವುದಿಲ್ಲ. ನಿನ್ನೆ ಕೊಂಡ ವಸ್ತುವಿಗೆ ನಿನ್ನೆಯಿಂದಲೇ ಬಡ್ಡಿ ಓಡುತ್ತಿರುತ್ತದೆ. ಹಾಗಾಗಿ ಬಾಕಿ ತೀರಿಸುವ ಕೆಲಸದ ಮೊದಲ ಹೆಜ್ಜೆ ಆ ಕಾರ್ಡನ್ನು ಬದಿಗಿಡುವುದು. ಮೊಬೈಲಿನ ಪಾವತಿ ಆ್ಯಪ್‌ಗಳಲ್ಲಿ, ಅಂಗಡಿಗಳ ಜಾಲತಾಣಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಿಬಿಡಿ; ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಚಂದಾಗಳನ್ನು ಬೇರೆ ಖಾತೆಗೆ ವರ್ಗಾಯಿಸಿ. ದಿನನಿತ್ಯದ ಖರ್ಚು ನಗದಿನಲ್ಲೋ ಡೆಬಿಟ್ ಕಾರ್ಡಿನಲ್ಲೋ ನಡೆಯಲಿ. ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಬಿಡುವಿನ ಅವಧಿಯೇ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಪ್ರತ್ಯೇಕ ಶುಲ್ಕ.

ಕನಿಷ್ಠ ಪಾವತಿ ಎಂಬ ಅಂಕಿ

ಬಾಕಿಯನ್ನು ತಿಂಗಳಿಂದ ತಿಂಗಳಿಗೆ ಉರುಳಿಸಿಕೊಂಡು ಹೋಗುವ ಪದ್ಧತಿ ಕಾರ್ಡಿನ ಜೊತೆಗೇ ಹುಟ್ಟಿದ್ದಲ್ಲ. 1950ರಲ್ಲಿ ಅಮೆರಿಕದಲ್ಲಿ ಆರಂಭವಾದ ಡೈನರ್ಸ್ ಕ್ಲಬ್ ಕಾರ್ಡಿನಲ್ಲಿ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕಿತ್ತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ನಿವಾಸಿಗಳಿಗೆ ಅಂಚೆಯಲ್ಲಿ ಕಳುಹಿಸಿದ ಬ್ಯಾಂಕ್‌ಅಮೆರಿಕಾರ್ಡ್ ಸ್ವಲ್ಪ ಕಟ್ಟಿ ಉಳಿದದ್ದನ್ನು ಬಡ್ಡಿಯೊಂದಿಗೆ ಮುಂದೂಡುವ ಅವಕಾಶ ಕೊಟ್ಟಿತು. ಅದೇ 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಕಾರ್ಡ್ ಉದ್ಯಮದ ಒಳಮಾತಿನಲ್ಲಿ ಹೀಗೆ ಬಾಕಿ ಉರುಳಿಸುವವರನ್ನು 'ರಿವಾಲ್ವರ್' ಎಂದೂ ಪೂರ್ತಿ ಕಟ್ಟುವವರನ್ನು 'ಟ್ರಾನ್ಸಾಕ್ಟರ್' ಎಂದೂ ಕರೆಯುತ್ತಾರೆ. ರಿವಾಲ್ವರ್ ಎಂಬ ಹೆಸರು ಕೇಳಿದರೆ ಗುಂಡು ಯಾರ ಕಡೆಗೆ ತಿರುಗಿದೆ ಎಂಬ ಪ್ರಶ್ನೆ ನನಗಂತೂ ಏಳುತ್ತದೆ.

ಕನಿಷ್ಠ ಪಾವತಿಯನ್ನು ಸಾಮಾನ್ಯವಾಗಿ ಬಾಕಿಯ ಒಂದು ಸಣ್ಣ ಶೇಕಡಾವಾರು ಎಂದು ಲೆಕ್ಕಹಾಕುತ್ತಾರೆ. ಬಾಕಿ ಇಳಿದಂತೆ ಅದೂ ಇಳಿಯುತ್ತದೆ. ಕಟ್ಟುವವರಿಗೆ ಇದು ಹಗುರವಾಗುತ್ತ ಹೋದಂತೆ ಕಾಣುತ್ತದೆ. ಸಾಲ ಎಳೆಯುವುದಕ್ಕೆ ಕಾರಣವೂ ಇದೇ. ಬಾಕಿ 1,00,000, ಬಡ್ಡಿ ತಿಂಗಳಿಗೆ ಶೇಕಡಾ 3, ಕನಿಷ್ಠ ಪಾವತಿ ಬಡ್ಡಿ ಸೇರಿದ ಬಾಕಿಯ ಶೇಕಡಾ 5 ಎಂದಿಟ್ಟುಕೊಳ್ಳಿ. ಹೊಸ ಖರ್ಚು ಏನೂ ಇಲ್ಲ. ಮೊದಲ ತಿಂಗಳು ಬಡ್ಡಿ ಸೇರಿ ಬಾಕಿ 1,03,000 ಆಗುತ್ತದೆ, ನೀವು 5,150 ಕಟ್ಟುತ್ತೀರಿ, 97,850 ಉಳಿಯುತ್ತದೆ. ಅಂದರೆ ಕಟ್ಟಿದ 5,150ರಲ್ಲಿ ಅಸಲಿಗೆ ಹೋದದ್ದು 2,150 ಮಾತ್ರ. ಪ್ರತಿ ತಿಂಗಳೂ ಇದೇ ಅನುಪಾತ. ಹೀಗೆ 32 ತಿಂಗಳು ಒಂದು ದಿನವೂ ತಪ್ಪದೆ ಕಟ್ಟಿದ ಮೇಲೆ ನಿಮ್ಮ ಜೇಬಿನಿಂದ ಹೋದದ್ದು ಸುಮಾರು 1,20,000. ಬಾಕಿ ಉಳಿದಿರುವುದು ಸುಮಾರು 49,900. ಐದು ವರ್ಷ ಕಟ್ಟಿದರೂ 27,000ದಷ್ಟು ಬಾಕಿ ಹಾಗೆಯೇ ನಿಂತಿರುತ್ತದೆ, ಅಷ್ಟರಲ್ಲಿ ನೀವು ಕಟ್ಟಿದ್ದು 1,74,500 ದಾಟಿರುತ್ತದೆ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ತಿಂಗಳು ಕಟ್ಟಿದ 5,150ನ್ನೇ ಪ್ರತಿ ತಿಂಗಳೂ ಕಟ್ಟಿ. ಬಿಲ್ಲು ಮುಂದಿನ ತಿಂಗಳು 5,039 ಕೇಳಲಿ, ಅದರ ಮುಂದಿನ ತಿಂಗಳು ಇನ್ನೂ ಕಡಿಮೆ ಕೇಳಲಿ, ನೀವು ಕಟ್ಟುವುದು 5,150. ಇಡೀ ಸಾಲ 30ನೆಯ ತಿಂಗಳಿಗೆ ಮುಗಿಯುತ್ತದೆ, ಒಟ್ಟು ಕಟ್ಟುವುದು ಸುಮಾರು 1,52,000. ಮೊದಲ ತಿಂಗಳ ಹೊರೆಗಿಂತ ಒಂದು ಪೈಸೆಯೂ ಹೆಚ್ಚಿನ ಹೊರೆ ಯಾವ ತಿಂಗಳೂ ಇಲ್ಲ. ಅದೇ ಮೊತ್ತವನ್ನು 8,000ಕ್ಕೆ ಏರಿಸಲು ಸಾಧ್ಯವಾದರೆ 16 ತಿಂಗಳಲ್ಲಿ, ಸುಮಾರು 1,27,000ಕ್ಕೆ ಸಾಲ ತೀರುತ್ತದೆ. ಬಡ್ಡಿದರ ಕಡಿಮೆ ಮಾಡಿಸಲು, ಸಾಲ ವರ್ಗಾಯಿಸಲು ಓಡಾಡುವ ಮುನ್ನ ಎಲ್ಲರೂ ಮಾಡಬಹುದಾದ ಕೆಲಸ ಇದು. ಇದಕ್ಕೆ ಯಾರ ಅನುಮತಿಯೂ ಬೇಡ.

ಬಿಲ್ಲಿನಲ್ಲಿ ಸಣ್ಣ ಅಂಕಿಯೊಂದು ಅಚ್ಚಾಗಿದ್ದರೆ ಮನಸ್ಸು ಅದರ ಕಡೆಗೆ ವಾಲುತ್ತದೆ ಎಂಬುದು ಬರೀ ಊಹೆಯಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ ಪಾವತಿಯ ಅಂಕಿಯಿಲ್ಲದ ಬಿಲ್ಲನ್ನು ತೋರಿಸಿದಾಗ, ಪೂರ್ತಿ ಕಟ್ಟಲಾಗದವರು ಕಟ್ಟಲು ಒಪ್ಪಿದ ಮೊತ್ತ ಹೆಚ್ಚಾಗಿತ್ತು. ನಿಯಂತ್ರಕರೂ ಇದನ್ನು ಗಮನಿಸಿದ್ದಾರೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತೀರಲು ಎಷ್ಟು ಕಾಲ ಬೇಕು, 36 ತಿಂಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಅಮೆರಿಕದಲ್ಲಿ ಬಿಲ್ಲಿನಲ್ಲೇ ಅಚ್ಚುಹಾಕಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೂ ಕನಿಷ್ಠ ಪಾವತಿಯ ಪರಿಣಾಮದ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಕಾಣಿಸುವಂತೆ ಹೇಳುತ್ತದೆ, ಜೊತೆಗೆ ಕನಿಷ್ಠ ಮೊತ್ತ ಕಟ್ಟಿದ ಮೇಲೂ ಸಾಲ ಬೆಳೆಯುವಂತೆ ಆ ಮೊತ್ತವನ್ನು ಲೆಕ್ಕಹಾಕಬಾರದೆಂದು ವಿಧಿಸುತ್ತದೆ. ಬ್ರಿಟನ್ನಿನಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮದಂತೆ, 18 ತಿಂಗಳ ಅವಧಿಯಲ್ಲಿ ಅಸಲಿಗಿಂತ ಬಡ್ಡಿ ಮತ್ತು ಶುಲ್ಕಕ್ಕೇ ಹೆಚ್ಚು ಕಟ್ಟಿದವರನ್ನು ಕಾರ್ಡ್ ಸಂಸ್ಥೆಯೇ ಸಂಪರ್ಕಿಸಿ ಎಚ್ಚರಿಸಬೇಕು. ಈ ಕೊನೆಯದು ನಮಗೆ ನಾವೇ ಹಾಕಿಕೊಳ್ಳಬಹುದಾದ ಒಳ್ಳೆಯ ಪರೀಕ್ಷೆ: ಹಿಂದಿನ 18 ತಿಂಗಳ ಸ್ಟೇಟ್‌ಮೆಂಟ್‌ಗಳನ್ನು ಮುಂದಿಟ್ಟುಕೊಂಡು ಬಡ್ಡಿ ಮತ್ತು ಶುಲ್ಕದ ಸಾಲುಗಳನ್ನು ಕೂಡಿಸಿ, ಕಟ್ಟಿದ ಒಟ್ಟು ಮೊತ್ತದಲ್ಲಿ ಅದು ಅರ್ಧಕ್ಕಿಂತ ಹೆಚ್ಚೇ ಎಂದು ನೋಡಿ.

ನಿಮ್ಮ ಮೊತ್ತವನ್ನು ಗೊತ್ತುಮಾಡುವುದು

ಒಂದು ಹಾಳೆ ತೆಗೆದುಕೊಂಡು ಪ್ರತಿ ಕಾರ್ಡಿಗೂ ಒಂದು ಸಾಲು ಬರೆಯಿರಿ: ಇಂದಿನ ಬಾಕಿ, ತಿಂಗಳ ಬಡ್ಡಿದರ, ಕನಿಷ್ಠ ಪಾವತಿ, ಸ್ಟೇಟ್‌ಮೆಂಟ್ ದಿನ, ಕೊನೆಯ ದಿನ. ಬಡ್ಡಿದರವನ್ನು ನೆನಪಿನಿಂದ ಬರೆಯಬೇಡಿ, ಸ್ಟೇಟ್‌ಮೆಂಟ್ ನೋಡಿಯೇ ಬರೆಯಿರಿ. ಒಂದೇ ಕಾರ್ಡಿನಲ್ಲಿ ಖರೀದಿಗೆ ಒಂದು ದರ, ನಗದಿಗೆ ಇನ್ನೊಂದು ದರ ಇರುವುದುಂಟು. ತಿಂಗಳಿಗೆ ಶೇಕಡಾ 3 ಎಂಬುದು ಕೇಳಲು ಸಣ್ಣದು, ಆದರೆ ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ ವರ್ಷದ ಕೊನೆಗೆ ಅದು ಶೇಕಡಾ 42.6ರಷ್ಟಾಗುತ್ತದೆ. ಈ ಒಂದು ಅಂಕಿಯನ್ನು ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಂಡರೂ ತಪ್ಪಿಲ್ಲ, ಏಕೆಂದರೆ ಉಳಿತಾಯದ ಹಣವನ್ನು ಠೇವಣಿಯಲ್ಲಿ ಇಡುವುದೋ ಕಾರ್ಡಿಗೆ ಕಟ್ಟುವುದೋ ಎಂಬ ಗೊಂದಲಕ್ಕೆ ಉತ್ತರ ಅದರಲ್ಲೇ ಇದೆ. ಇಷ್ಟು ಲಾಭವನ್ನು ಖಚಿತವಾಗಿ ಕೊಡುವ ಠೇವಣಿ ಸಿಗುವುದು ತೀರ ಅಪರೂಪ.

ಹಾಗೆಂದು ಕೈಯಲ್ಲಿರುವ ಕೊನೆಯ ಕಾಸನ್ನೂ ಕಾರ್ಡಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸುಮಾರು ಒಂದು ತಿಂಗಳ ಅಗತ್ಯ ಖರ್ಚಿನಷ್ಟನ್ನು ಬೇರೆ ಇಡಬೇಕು. ಅದಿಲ್ಲದಿದ್ದರೆ ಮುಂದಿನ ತಿಂಗಳು ಬರುವ ಆಸ್ಪತ್ರೆಯ ಖರ್ಚೋ ದುರಸ್ತಿಯ ಖರ್ಚೋ ಮತ್ತೆ ಅದೇ ಕಾರ್ಡಿನ ಮೇಲೆ ಬೀಳುತ್ತದೆ, ಅದೂ ಬಿಡುವಿಲ್ಲದ ಬಡ್ಡಿಯೊಂದಿಗೆ. ಅದು ಇಟ್ಟ ಮೇಲೆ, ಹಿಂದಿನ ಮೂರು ತಿಂಗಳ ಆದಾಯ ಮತ್ತು ಖರ್ಚನ್ನು ನೋಡಿ, ಕಷ್ಟದ ತಿಂಗಳಿನಲ್ಲೂ ಕಟ್ಟಲಾಗುವಂಥ ಒಂದು ಮೊತ್ತವನ್ನು ಗೊತ್ತುಮಾಡಿ. ಉತ್ಸಾಹದಲ್ಲಿ ದೊಡ್ಡ ಮೊತ್ತ ಬರೆದು ಮೂರನೆಯ ತಿಂಗಳು ತಪ್ಪಿಸುವುದಕ್ಕಿಂತ ಸ್ವಲ್ಪ ಸಣ್ಣ ಮೊತ್ತವನ್ನು ತಪ್ಪದೆ ಕಟ್ಟುವುದು ಮೇಲು. ಬೋನಸ್ಸು, ಮರುಪಾವತಿಯಾದ ಕೈಗಡ, ಮಾರಿದ ಹಳೆಯ ವಸ್ತುವಿನ ಹಣ ಇಂಥವು ಬಂದರೆ ಅದನ್ನು ಹೆಚ್ಚುವರಿಯಾಗಿ ಕಟ್ಟಬೇಕೇ ಹೊರತು ಗೊತ್ತಾದ ಮೊತ್ತದ ಬದಲಿಗಲ್ಲ.

ಯಾವ ದಿನ ಕಟ್ಟುತ್ತೀರಿ ಎಂಬುದಕ್ಕೂ ಬೆಲೆಯಿದೆ. ಬಾಕಿ ಉರುಳುತ್ತಿರುವಾಗ ಬಡ್ಡಿಯನ್ನು ದಿನದ ಬಾಕಿಯ ಮೇಲೆ ಎಣಿಸುವುದು ಸಾಮಾನ್ಯ ಪದ್ಧತಿ. ಆದ್ದರಿಂದ ಸಂಬಳ ಬಂದ ದಿನವೇ ಕಟ್ಟಿದರೆ, ಕೊನೆಯ ದಿನದವರೆಗೆ ಕಾಯ್ದು ಕಟ್ಟುವುದಕ್ಕಿಂತ ಬಡ್ಡಿ ಕಡಿಮೆ ಬೀಳುತ್ತದೆ. ಶೇಕಡಾ 36ರ ದರದಲ್ಲಿ 20,000ವನ್ನು 15 ದಿನ ಮೊದಲು ಕಟ್ಟಿದರೆ ಉಳಿಯುವುದು ಸುಮಾರು 296. ದೊಡ್ಡ ಮೊತ್ತವಲ್ಲ, ನಿಜ. ಆದರೆ ಖಾತೆಯಲ್ಲಿ ಹಣ ಹದಿನೈದು ದಿನ ಸುಮ್ಮನೆ ಕುಳಿತಿದ್ದರೆ ಅದಕ್ಕೆ ಬೇರೆ ದಾರಿ ಕಾಣಿಸಿಬಿಡುತ್ತದೆ ಎಂಬುದೂ ನಿಜ. ತಿಂಗಳಿಗೆ ಒಮ್ಮೆಯೇ ಕಟ್ಟಬೇಕೆಂಬ ನಿಯಮವೇನೂ ಇಲ್ಲ, ವಾರಕ್ಕೊಮ್ಮೆ ಸಂಪಾದನೆಯಿರುವವರು ವಾರಕ್ಕೊಮ್ಮೆ ಕಟ್ಟಬಹುದು.

ಮರೆವಿಗೆ ಮದ್ದು ಆಟೋ ಡೆಬಿಟ್, ಅಂದರೆ ಗೊತ್ತಾದ ದಿನ ಬ್ಯಾಂಕ್ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಏರ್ಪಾಡು. ಬಾಕಿಯಿಲ್ಲದವರು ಅದನ್ನು ಪೂರ್ತಿ ಬಿಲ್ಲಿಗೆ ಹೊಂದಿಸಬೇಕು. ಬಾಕಿ ತೀರಿಸುತ್ತಿರುವವರು ಕನಿಷ್ಠ ಮೊತ್ತಕ್ಕೆ ಹೊಂದಿಸಿ, ತಾವು ಗೊತ್ತುಮಾಡಿದ ಮೊತ್ತದ ಉಳಿದ ಭಾಗವನ್ನು ಸಂಬಳದ ದಿನ ತಾವೇ ಕಟ್ಟುವುದು ಸೂಕ್ತ. ಆಗ ಯಾವುದೋ ಗಡಿಬಿಡಿಯಲ್ಲಿ ಕಟ್ಟುವುದು ಮರೆತರೂ ತಡಪಾವತಿಯ ಶುಲ್ಕ ಬೀಳುವುದಿಲ್ಲ. ಕನಿಷ್ಠ ಮೊತ್ತವನ್ನು ನಾನು ಒಪ್ಪುವುದು ಈ ಒಂದು ಉಪಯೋಗಕ್ಕೆ ಮಾತ್ರ. ಆಟೋ ಡೆಬಿಟ್ ದಿನ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬ್ಯಾಂಕು ಒಂದು ಕಡೆ, ಕಾರ್ಡ್ ಸಂಸ್ಥೆ ಇನ್ನೊಂದು ಕಡೆ ಹೀಗೆ ಎರಡೂ ಕಡೆಯಿಂದ ಶುಲ್ಕ ಬೀಳಬಹುದು. ಕೊನೆಯ ದಿನ ಸಂಬಳಕ್ಕೆ ಮುಂಚೆ ಬರುತ್ತಿದ್ದರೆ ಬಿಲ್ಲಿಂಗ್ ದಿನಾಂಕವನ್ನು ಬದಲಿಸಿಕೊಡುವಂತೆ ಕೇಳಿ. ಅನೇಕ ಸಂಸ್ಥೆಗಳು ಬದಲಿಸಿಕೊಡುತ್ತವೆ.

ಇನ್ನೊಂದು ಸಣ್ಣ ಎಚ್ಚರಿಕೆ. ವಾಪಸು ಮಾಡಿದ ವಸ್ತುವಿನ ಹಣ ಕಾರ್ಡಿಗೆ ಜಮೆಯಾದರೆ ಅದನ್ನು ಎಲ್ಲ ಸಂಸ್ಥೆಗಳೂ ಪಾವತಿ ಎಂದು ಪರಿಗಣಿಸುವುದಿಲ್ಲ. ರಿಫಂಡ್ ಬಂದಿದೆ ಎಂದು ಆ ತಿಂಗಳ ಕನಿಷ್ಠ ಮೊತ್ತವನ್ನೂ ಕಟ್ಟದೆ ಬಿಟ್ಟವರಿಗೆ ತಡಪಾವತಿ ಶುಲ್ಕ ಬಿದ್ದಿರುವುದುಂಟು.

ಕಾರ್ಡುಗಳು ಒಂದಕ್ಕಿಂತ ಹೆಚ್ಚಿದ್ದರೆ

ಎಲ್ಲ ಕಾರ್ಡುಗಳಿಗೂ ಕನಿಷ್ಠ ಮೊತ್ತ ಕಟ್ಟಿ, ಉಳಿದ ಹಣವನ್ನು ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕುವುದು ಗಣಿತದ ದಾರಿ. ಅತಿ ಸಣ್ಣ ಬಾಕಿಯನ್ನು ಮೊದಲು ತೀರಿಸಿ, ಗೆಲುವಿನ ಹುಮ್ಮಸ್ಸಿನಲ್ಲಿ ಮುಂದುವರಿಯುವುದು ಇನ್ನೊಂದು ದಾರಿ. ಜನ ಸಹಜವಾಗಿ ಹಿಡಿಯುವುದು ಎರಡನೆಯದನ್ನು. ದೊಡ್ಡ ಸಾಲದ ಬಡ್ಡಿ ಹೆಚ್ಚಿದ್ದರೂ ಸಾಲಗಳ ಸಂಖ್ಯೆ ಕಡಿಮೆಯಾಗಲೆಂದು ಸಣ್ಣದನ್ನೇ ಮೊದಲು ತೀರಿಸುವ ಪ್ರವೃತ್ತಿಯನ್ನು 2011ರಲ್ಲಿ ಸಂಶೋಧಕರು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಈ ಎರಡರ ನಡುವಿನ ವಾದಕ್ಕೆ ಅಗತ್ಯಕ್ಕಿಂತ ಹೆಚ್ಚು ಮಹತ್ವ ಸಿಕ್ಕಿದೆ ಎಂಬುದು ನನ್ನ ಅನಿಸಿಕೆ. ಒಂದು ಕಾರ್ಡಿನ ದರ ತಿಂಗಳಿಗೆ ಶೇಕಡಾ 3.5, ಇನ್ನೊಂದರದು ಶೇಕಡಾ 2 ಇದ್ದಾಗ, 5,000ವನ್ನು ಮೊದಲನೆಯದಕ್ಕೆ ಹಾಕಿದರೆ ಮುಂದಿನ ತಿಂಗಳು 175 ಬಡ್ಡಿ ಉಳಿಯುತ್ತದೆ, ಎರಡನೆಯದಕ್ಕೆ ಹಾಕಿದರೆ 100 ಉಳಿಯುತ್ತದೆ. ವ್ಯತ್ಯಾಸ 75. ಆ 5,000ವನ್ನು ಎಲ್ಲಿಗೂ ಹಾಕದೆ ಖರ್ಚು ಮಾಡಿದರೆ ಏನೂ ಉಳಿಯುವುದಿಲ್ಲ. ಹೆಚ್ಚು ಬಡ್ಡಿಯದನ್ನೇ ಮೊದಲು ಹಿಡಿಯಿರಿ. ಆದರೆ ಒಂದೆರಡು ತಿಂಗಳಲ್ಲಿ ತೀರಿಹೋಗುವಷ್ಟು ಸಣ್ಣ ಬಾಕಿಯೊಂದಿದ್ದರೆ ಅದನ್ನು ಮುಗಿಸಿಬಿಡುವುದರಲ್ಲಿ ಜಾಣತನವಿದೆ. ಆ ಕಾರ್ಡಿನ ಬಿಡುವು ಮರಳಿ ಸಿಗುತ್ತದೆ, ನೆನಪಿಡಬೇಕಾದ ದಿನಾಂಕವೂ ಒಂದು ಕಡಿಮೆಯಾಗುತ್ತದೆ. ಒಂದು ಕಾರ್ಡ್ ತೀರಿದ ಮೇಲೆ ಅದಕ್ಕೆ ಕಟ್ಟುತ್ತಿದ್ದ ಮೊತ್ತ ಪೂರ್ತಿಯಾಗಿ ಮುಂದಿನ ಕಾರ್ಡಿಗೆ ಹೋಗಬೇಕು, ಮನೆಖರ್ಚಿಗೆ ಜಾರಬಾರದು.

ಸಾಲವನ್ನು ಬೇರೆಡೆಗೆ ಸಾಗಿಸುವುದು

ಕಡಿಮೆ ಬಡ್ಡಿಯ ಕಡೆಗೆ ಸಾಲವನ್ನು ವರ್ಗಾಯಿಸುವುದು ಒಳ್ಳೆಯ ಉಪಾಯವೇ, ಆದರೆ ಲೆಕ್ಕ ಮಾಡಿ ಹೊರಡಬೇಕು. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂಬ ಏರ್ಪಾಡಿನಲ್ಲಿ ಹೊಸ ಕಾರ್ಡ್ ನಿಮ್ಮ ಹಳೆಯ ಬಾಕಿಯನ್ನು ವಹಿಸಿಕೊಂಡು, ಒಂದಷ್ಟು ತಿಂಗಳು ಬಡ್ಡಿಯಿಲ್ಲದೆ ಅಥವಾ ಅಲ್ಪ ಬಡ್ಡಿಗೆ ಕಟ್ಟಲು ಬಿಡುತ್ತದೆ. ಅದಕ್ಕೆ ಮೊದಲೇ ಒಂದು ಶುಲ್ಕ ತೆಗೆದುಕೊಳ್ಳುತ್ತದೆ. 1,00,000 ಬಾಕಿಯನ್ನು ಶೇಕಡಾ 2 ಶುಲ್ಕಕ್ಕೆ, ಆರು ತಿಂಗಳ ಬಡ್ಡಿರಹಿತ ಅವಧಿಗೆ ವರ್ಗಾಯಿಸಿ ತಿಂಗಳಿಗೆ 8,000 ಕಟ್ಟಿದರೆ, ಆರು ತಿಂಗಳ ಕೊನೆಗೆ 54,000 ಉಳಿದಿರುತ್ತದೆ. ವರ್ಗಾಯಿಸದೆ ಶೇಕಡಾ 3ರಲ್ಲಿ ಅಷ್ಟೇ ಕಟ್ಟಿದ್ದರೆ ಉಳಿಯುತ್ತಿದ್ದದ್ದು ಸುಮಾರು 67,700. ಲಾಭ ಸ್ಪಷ್ಟವಾಗಿದೆ. ಆದರೆ ಏಳನೆಯ ತಿಂಗಳಿಂದ ಆ 54,000ಕ್ಕೆ ಯಾವ ದರ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡಿರಬೇಕು, ಹೊಸ ಕಾರ್ಡಿನಲ್ಲಿ ಖರೀದಿ ಮಾಡಬಾರದು, ಖಾಲಿಯಾದ ಹಳೆಯ ಕಾರ್ಡನ್ನು ಮತ್ತೆ ತುಂಬಬಾರದು. ವರ್ಗಾವಣೆ ಮಾಡಿ ಕೆಟ್ಟವರಲ್ಲಿ ಹೆಚ್ಚಿನವರು ಈ ಕೊನೆಯ ಕಾರಣಕ್ಕೆ ಕೆಟ್ಟವರು ಎಂದು ನನ್ನ ಅನಿಸಿಕೆ.

ವೈಯಕ್ತಿಕ ಸಾಲ ತೆಗೆದು ಕಾರ್ಡ್ ತೀರಿಸುವವರು ಬಡ್ಡಿದರದ ಬಗೆಯನ್ನು ವಿಚಾರಿಸಬೇಕು. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಎಣಿಸುವುದು ಒಂದು ಬಗೆ. ಆರಂಭದ ಅಸಲಿನ ಮೇಲೆಯೇ ಕೊನೆಯವರೆಗೂ ಎಣಿಸುವುದು, ಅಂದರೆ ಫ್ಲ್ಯಾಟ್ ರೇಟ್, ಇನ್ನೊಂದು ಬಗೆ. ಫ್ಲ್ಯಾಟ್ ಶೇಕಡಾ 12ರಂತೆ 1,00,000ವನ್ನು ವರ್ಷದ ಅವಧಿಗೆ ತೆಗೆದುಕೊಂಡರೆ ತಿಂಗಳ ಕಂತು 9,333 ಆಗುತ್ತದೆ. ಪ್ರತಿ ಕಂತಿನಲ್ಲೂ ಅಸಲು ಕರಗುತ್ತಿರುವುದರಿಂದ ಇದರ ನಿಜವಾದ ವಾರ್ಷಿಕ ದರ ಶೇಕಡಾ 21.5ರ ಹತ್ತಿರ ಬರುತ್ತದೆ. ಕಾರ್ಡಿನ ಶೇಕಡಾ 36ಕ್ಕೆ ಹೋಲಿಸಿದರೆ ಇದೂ ಅಗ್ಗವೇ, ಆದರೆ ಹೇಳಿದ ಶೇಕಡಾ 12 ಅಲ್ಲ. ಕಾರ್ಡ್ ಸಂಸ್ಥೆಯೇ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಿಕೊಡುವಾಗಲೂ ಇದೇ ಪ್ರಶ್ನೆ ಕೇಳಬೇಕು; ಸಂಸ್ಕರಣಾ ಶುಲ್ಕ, ಅವಧಿಗೆ ಮುನ್ನ ಮುಗಿಸಿದರೆ ದಂಡ ಇವುಗಳನ್ನೂ ಸೇರಿಸಿ ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂಬ ಒಂದೇ ಅಂಕಿಯನ್ನು ಬರಹದಲ್ಲಿ ಪಡೆಯಿರಿ. ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟುವುದನ್ನು ಉಪಾಯವೆಂದು ಕರೆಯಲಾಗದು.

ಕಟ್ಟಲಾಗದ ತಿಂಗಳು

ಕೆಲಸ ಹೋದಾಗ, ಕಾಯಿಲೆ ಬಿದ್ದಾಗ ಕನಿಷ್ಠ ಮೊತ್ತವೂ ಕೈಮೀರಬಹುದು. ಆಗ ಹೆಚ್ಚಿನವರು ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಮಾಡಬೇಕಾದದ್ದು ಅದರ ವಿರುದ್ಧವಾದದ್ದು: ಕೊನೆಯ ದಿನಕ್ಕೆ ಮೊದಲೇ ಸಂಸ್ಥೆಯನ್ನು ನೀವಾಗಿ ಸಂಪರ್ಕಿಸಿ, ಪರಿಸ್ಥಿತಿಯನ್ನು ಚುಟುಕಾಗಿ ಹೇಳಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ ಎಂಬ ಅಂಕಿಯನ್ನು ಮುಂದಿಡಿ. ಬಡ್ಡಿ ಇಳಿಸುವುದು, ಶುಲ್ಕ ಮನ್ನಾ ಮಾಡುವುದು, ಬಾಕಿಯನ್ನು ದೀರ್ಘ ಕಂತುಗಳಾಗಿ ಬದಲಿಸುವುದು ಇಂಥ ಏರ್ಪಾಡುಗಳು ಸಂಸ್ಥೆಗಳಲ್ಲಿ ಇರುತ್ತವೆ, ಆದರೆ ಕೇಳದವರಿಗೆ ಸಿಗುವುದು ಅಪರೂಪ. ಮಾತಾಡಿದ ದಿನಾಂಕ, ಮಾತಾಡಿದವರ ಹೆಸರು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಪ್ಪಿದ ಷರತ್ತು ಇಮೇಲಿನಲ್ಲೋ ಪತ್ರದಲ್ಲೋ ಬರುವವರೆಗೆ ಒಪ್ಪಂದವಾಯಿತೆಂದು ತಿಳಿಯಬೇಡಿ. ಹಣವನ್ನು ಕಾರ್ಡ್ ಖಾತೆಗೇ ಕಟ್ಟಬೇಕು. ವಸೂಲಿಗೆ ಬಂದವರ ವೈಯಕ್ತಿಕ ಖಾತೆಗೆ ಎಂದಿಗೂ ಕಟ್ಟಬಾರದು.

ಬಾಕಿಯ ಒಂದು ಭಾಗವನ್ನು ಕಟ್ಟಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವ ಸೆಟ್ಲ್‌ಮೆಂಟ್ ಎಂಬ ದಾರಿಯೂ ಇದೆ. ಅದು ಆಕರ್ಷಕವಾಗಿ ಕಂಡರೂ, ನಿಮ್ಮ ಸಾಲದ ವ್ಯವಹಾರಗಳೆಲ್ಲ ದಾಖಲಾಗುವ ಸಾಲದ ವರದಿಯಲ್ಲಿ (ಕ್ರೆಡಿಟ್ ರಿಪೋರ್ಟ್) 'ಪೂರ್ತಿ ತೀರಿದೆ' ಎಂಬುದರ ಬದಲು 'ಸೆಟಲ್ ಆಗಿದೆ' ಎಂದು ದಾಖಲಾಗಿ, ಮುಂದೆ ಮನೆಸಾಲಕ್ಕೋ ವಾಹನಸಾಲಕ್ಕೋ ಹೋದಾಗ ಅಡ್ಡ ಬರುತ್ತದೆ. ಬೇರೆ ದಾರಿ ನಿಜವಾಗಿಯೂ ಇಲ್ಲದಾಗ ಮಾತ್ರ ಅದನ್ನು ಆರಿಸಿಕೊಳ್ಳಿ.

ಬಾಕಿ ತೀರಿದ ತಿಂಗಳು

ಕೊನೆಯ ಬಿಲ್ಲಿನ ಪೂರ್ತಿ ಮೊತ್ತ ಕಟ್ಟಿದ ಮೇಲೂ ಮುಂದಿನ ತಿಂಗಳು ಸಣ್ಣದೊಂದು ಬಡ್ಡಿ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಬಿಲ್ಲು ಅಚ್ಚಾಗುವ ಹೊತ್ತಿಗೆ ಅದು ಹುಟ್ಟಿರಲಿಲ್ಲ. ಇದನ್ನು ಕಡೆಗಣಿಸಿದರೆ ಬಾಕಿ ತೀರಿತೆಂದು ನೆಮ್ಮದಿಯಾಗಿರುವಾಗಲೇ ಆ ಸಣ್ಣ ಮೊತ್ತದ ಮೇಲೆ ತಡಪಾವತಿ ಶುಲ್ಕ ಬಿದ್ದು, ಸಾಲದ ವರದಿಯಲ್ಲಿ ಕಪ್ಪು ಗುರುತು ಕೂತುಬಿಡಬಹುದು. ಕೊನೆಯ ಪಾವತಿಗೆ ಮುನ್ನ ಸಂಸ್ಥೆಗೆ ಫೋನ್ ಮಾಡಿ, ಈ ದಿನ ಕಟ್ಟಿದರೆ ಖಾತೆ ಪೂರ್ತಿ ತೀರಲು ಎಷ್ಟಾಗುತ್ತದೆ ಎಂದು ಕೇಳಿ ಅಷ್ಟನ್ನೇ ಕಟ್ಟುವುದು ಅಚ್ಚುಕಟ್ಟಾದ ದಾರಿ.

ತೀರಿದ ಕಾರ್ಡನ್ನು ಮುಚ್ಚಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ಎಲ್ಲ ಕಾರ್ಡುಗಳ ಒಟ್ಟು ಲಿಮಿಟ್ಟಿನಲ್ಲಿ, ಅಂದರೆ ಖರ್ಚಿನ ಮಿತಿಯಲ್ಲಿ, ಎಷ್ಟು ಭಾಗ ಬಳಸಿದ್ದೀರಿ ಎಂಬುದು, ಸಾಲ ಕೊಡುವವರು ನೋಡುವ ಅಂಕವಾದ ಕ್ರೆಡಿಟ್ ಸ್ಕೋರಿನ ಲೆಕ್ಕದಲ್ಲಿ ಸೇರುವುದರಿಂದ, ಕಾರ್ಡ್ ಮುಚ್ಚಿದರೆ ಲಿಮಿಟ್ಟು ಕುಗ್ಗಿ ಬೇರೆ ಕಾರ್ಡಿನ ಬಳಕೆಯ ಪ್ರಮಾಣ ಏರಿದಂತೆ ಕಾಣುತ್ತದೆ. ಆದರೂ ವಾರ್ಷಿಕ ಶುಲ್ಕವಿರುವ ಕಾರ್ಡನ್ನು, ಅಥವಾ ಕೈಗೆ ಸಿಕ್ಕರೆ ಬಳಸದೆ ಇರಲಾರೆ ಎಂದು ನಿಮಗೇ ಗೊತ್ತಿರುವ ಕಾರ್ಡನ್ನು ಮುಚ್ಚುವುದೇ ಸರಿ; ಸ್ಕೋರು ಕೆಲವು ಅಂಕ ಇಳಿದರೆ ಮತ್ತೆ ಏರುತ್ತದೆ. ಮುಚ್ಚುವ ಮುನ್ನ ಉಳಿದ ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಿಕೊಳ್ಳಿ, ಕೋರಿಕೆಯನ್ನು ಬರಹದಲ್ಲಿ ಕೊಡಿ, ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ಜೋಪಾನವಾಗಿಡಿ. ಕಾರ್ಡನ್ನು ಇಟ್ಟುಕೊಳ್ಳುವವರು ಬಾಕಿ, ಬಡ್ಡಿ ಎರಡೂ ಸೊನ್ನೆಯಿರುವ ಒಂದು ಸ್ಟೇಟ್‌ಮೆಂಟ್ ಬರುವವರೆಗೆ ಹೊಸ ಖರ್ಚು ಮಾಡದೆ ಕಾಯಬೇಕು, ಬಿಡುವು ಮರಳಿ ಎಂದಿನಿಂದ ಜಾರಿಗೆ ಬರುತ್ತದೆ ಎಂದು ಸಂಸ್ಥೆಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು, ಆಟೋ ಡೆಬಿಟ್ಟನ್ನು ಅಂದೇ ಕನಿಷ್ಠ ಮೊತ್ತದಿಂದ ಪೂರ್ತಿ ಬಿಲ್ಲಿಗೆ ಬದಲಿಸಬೇಕು.